ವಕೀಲರು ಫೋನ್ ಎತ್ತದಿದ್ದಾಗ ಏನು ಮಾಡಬೇಕು

ಫೋನ್ ಮಾಡಿದರೆ ಎತ್ತೋದಿಲ್ಲ, ವಾಟ್ಸಾಪ್ ನೋಡಿದ್ದರೂ ಉತ್ತರ ಇಲ್ಲ, ಆಫೀಸಿಗೆ ಹೋದರೆ ಜೂನಿಯರ್ ಒಬ್ಬರು "ಸರ್ ಕೋರ್ಟಲ್ಲಿದ್ದಾರೆ, ಹೇಳ್ತೀನಿ" ಅಂತ ಕಳಿಸಿಬಿಡುತ್ತಾರೆ. ಫೀಸು ಕೊಟ್ಟಾಗಿದೆ, ಮನೆಯ ಕಾಗದಪತ್ರವೆಲ್ಲ ಅವರ ಹತ್ತಿರ ಇದೆ, ಕೇಸು ಎಲ್ಲಿಗೆ ಬಂತು ಅಂತ ಮಾತ್ರ ಗೊತ್ತಿಲ್ಲ. ನಮ್ಮ ತಾಲೂಕು ಕೋರ್ಟುಗಳ ಹೊರಗೆ ಕೂತಿರುವ ಎಷ್ಟೋ ಜನರ ಕಥೆ ಇದೇ, ಅಲ್ವಾ?

ಮತ್ತೆ ಮತ್ತೆ ಫೋನ್ ಮಾಡುವುದನ್ನು ಒಂದು ದಿನ ಬಿಡಿ. ಕೇಸು ನಿಮ್ಮದು. ಅದರ ಮಾಹಿತಿ ಕೋರ್ಟಿನಲ್ಲಿದೆ, ಅದನ್ನು ನೋಡೋಕೆ ವಕೀಲರ ಅಪ್ಪಣೆ ಬೇಕಿಲ್ಲ. ಮೊದಲು ಕೇಸನ್ನು ನೀವೇ ನೋಡಿ, ಆಮೇಲೆ ವಕೀಲರ ಬಗ್ಗೆ ತೀರ್ಮಾನ ಮಾಡಿ. ಈ ಕ್ರಮ ತಪ್ಪಿಸಿ ಸಿಟ್ಟಿನಲ್ಲಿ ವಕೀಲರನ್ನು ಬದಲಾಯಿಸಿದವರು ಎರಡೆರಡು ಸಲ ಫೀಸು ಕೊಟ್ಟಿದ್ದನ್ನೂ ನೋಡಿದ್ದೇನೆ, ಸುಮ್ನೆ ನಂಬಿಕೊಂಡು ಕೂತವರು ಕೇಸು ವಜಾ ಆದ ಮೇಲೆ ಕಣ್ಣೀರು ಹಾಕಿದ್ದನ್ನೂ ನೋಡಿದ್ದೇನೆ.

ಮೊದಲು ಕೇಸಿನ ಸ್ಥಿತಿ ನೋಡಿ

ಮೊಬೈಲಿನಲ್ಲಿ "ಇ-ಕೋರ್ಟ್ಸ್ ಸರ್ವೀಸಸ್" ಆ್ಯಪ್ ಹಾಕಿಕೊಳ್ಳಿ, ಅಥವಾ ಅದೇ ಹೆಸರಿನ ವೆಬ್‌ಸೈಟ್ ತೆರೆಯಿರಿ. ಸರ್ಕಾರದ್ದೇ, ದುಡ್ಡು ಕೊಡಬೇಕಿಲ್ಲ. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳಿರುವ ಒಂದು ಸಿ.ಎನ್.ಆರ್. ನಂಬರ್ ಇರುತ್ತದೆ, ನಮ್ಮ ರಾಜ್ಯದ್ದಾದರೆ ಅದು ಕೆ.ಎ. ಅಕ್ಷರಗಳಿಂದ ಶುರುವಾಗುತ್ತದೆ. ಆ ನಂಬರ್ ಇಲ್ಲದಿದ್ದರೂ ಪರವಾಗಿಲ್ಲ. ಜಿಲ್ಲೆ, ಕೋರ್ಟು ಆಯ್ಕೆ ಮಾಡಿ, ನಿಮ್ಮ ಹೆಸರು ಅಥವಾ ಎದುರು ಪಾರ್ಟಿಯ ಹೆಸರು ಹಾಕಿ ಹುಡುಕಿ. ವಕೀಲರ ಹೆಸರಿನಿಂದಲೂ ಹುಡುಕಬಹುದು, ಕ್ರಿಮಿನಲ್ ಕೇಸಾದರೆ ಎಫ್.ಐ.ಆರ್. ನಂಬರಿನಿಂದಲೂ. ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಆದ್ದರಿಂದ ಪೂರ್ತಿ ಹೆಸರು ಹಾಕದೆ ಮೊದಲ ನಾಲ್ಕೈದು ಅಕ್ಷರ ಹಾಕಿ ನೋಡಿ. ಸಿ.ಎನ್.ಆರ್. ಸಿಕ್ಕ ಮೇಲೆ ಅದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ. ಇಂಟರ್‌ನೆಟ್ ಇಲ್ಲದ ಫೋನಿನಿಂದ ಇಂಗ್ಲಿಷಿನಲ್ಲಿ ಇಕೋರ್ಟ್ಸ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಸಿ.ಎನ್.ಆರ್. ಹಾಕಿ 9766899899ಕ್ಕೆ ಎಸ್ಸೆಮ್ಮೆಸ್ ಕಳಿಸಿದರೂ ಸ್ಥಿತಿ ಬರುತ್ತದೆ.

ಎಷ್ಟು ಹುಡುಕಿದರೂ ಕೇಸೇ ಸಿಗದಿದ್ದರೆ? ಇದು ಎಚ್ಚರದ ಗಂಟೆ. "ಹಾಕಿದ್ದೀನಿ, ನಂಬರ್ ಆಗ್ಬೇಕು" ಅಂತ ವಕೀಲರು ಹೇಳಿ ತಿಂಗಳುಗಳಾಗಿದ್ದರೆ ಕೇಸು ಫೈಲೇ ಆಗದೆ ಇರುವ ಸಾಧ್ಯತೆ ಇದೆ. ಸ್ವಂತ ಕೋರ್ಟಿಗೆ ಹೋಗಿ ಫೈಲಿಂಗ್ ಕೌಂಟರಿನಲ್ಲಿ ವಿಚಾರಿಸಿ. ಇದು ಸುಮ್ಮನೆ ಕಾಯುವ ವಿಷಯವಲ್ಲ, ಯಾಕೆಂದರೆ ದಾವೆ ಹಾಕಲಿಕ್ಕೂ ಅವಧಿ ಇರುತ್ತದೆ. ಚೆಕ್ ಬೌನ್ಸ್ ಕೇಸನ್ನೇ ನೋಡಿ: ಬ್ಯಾಂಕಿನಿಂದ ಚೆಕ್ ವಾಪಸಾದ ಮಾಹಿತಿ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿ 15 ದಿನದಲ್ಲಿ ಹಣ ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು.

ಕೇಸು ಸಿಕ್ಕಿತು ಅಂದುಕೊಳ್ಳಿ. ಅದರಲ್ಲಿ ಮುಂದಿನ ಡೇಟ್, ಯಾವ ಕೋರ್ಟ್ ಹಾಲ್, ಯಾವ ಹಂತ ಅಂತ ಇರುತ್ತದೆ. ಹಳೆಯ ಒಂದೊಂದು ತಾರೀಖಿನ ಮೇಲೆ ಒತ್ತಿದರೆ ಅವತ್ತು ಏನು ನಡೆಯಿತು ಅಂತ ಒಂದೆರಡು ಸಾಲು ಬರುತ್ತದೆ. ಅವಸರ ಮಾಡದೆ ಎಲ್ಲವನ್ನೂ ಓದಿ. ಕೆಲವು ಮಾತುಗಳ ಅರ್ಥ ಗೊತ್ತಿದ್ದರೆ ಸಾಕು. "ಕೌನ್ಸೆಲ್ ಪ್ರೇಸ್ ಟೈಮ್" ಅಂತಿದ್ದರೆ ವಕೀಲರು ಬಂದು ಸಮಯ ಕೇಳಿದ್ದಾರೆ. ಒಂದೆರಡು ಸಲ ಸಹಜ, ಪ್ರತಿ ಸಲವೂ ನಿಮ್ಮ ಕಡೆಯಿಂದಲೇ ಆಗಿದ್ದರೆ ಕೇಳಬೇಕಾದ ವಿಷಯ. "ಸ್ಟೆಪ್ಸ್ ನಾಟ್ ಟೇಕನ್" ಅಥವಾ "ಪಿ.ಎಫ್. ನಾಟ್ ಪೇಡ್" ಅಂದರೆ ಎದುರು ಪಾರ್ಟಿಗೆ ಸಮನ್ಸ್ ಕಳಿಸಲು ಕಟ್ಟಬೇಕಾದ ಪ್ರೋಸೆಸ್ ಫೀಸನ್ನೇ ಕಟ್ಟಿಲ್ಲ. ಇದು ಸಣ್ಣ ಮೊತ್ತ, ಆದರೆ ಇದೊಂದರಿಂದಲೇ ಆಸ್ತಿ ಪಾಲಿನ ಕೇಸುಗಳು ವರ್ಷಗಟ್ಟಲೆ ನಿಂತಲ್ಲೇ ನಿಂತಿರುತ್ತವೆ. "ನೋ ರೆಪ್ರೆಸೆಂಟೇಷನ್", "ಕಾಲ್ಡ್ ಔಟ್, ಆಬ್ಸೆಂಟ್" ಅಂದರೆ ಕೂಗಿದಾಗ ನಿಮ್ಮ ಪರ ಯಾರೂ ಇರಲಿಲ್ಲ. "ಎವಿಡೆನ್ಸ್ ಟೇಕನ್ ಆಸ್ ನಿಲ್" ಅಂದರೆ ಸಾಕ್ಷಿ ಹೇಳುವ ಅವಕಾಶವನ್ನು ಕೋರ್ಟು ಮುಚ್ಚಿದೆ. ಕೊನೆಯ ಈ ಎರಡು ಕಂಡರೆ ಅವತ್ತೇ ಎದ್ದು ಓಡಾಡಬೇಕು.

ಆದರೆ ಇನ್ನೊಂದು ಥರದ ಸಾಲುಗಳೂ ಇರುತ್ತವೆ. ನ್ಯಾಯಾಧೀಶರು ರಜೆ, ಹುದ್ದೆ ಖಾಲಿ, ಎದುರು ಪಾರ್ಟಿಗೆ ಸಮನ್ಸ್ ತಲುಪಿಲ್ಲ, ಎದುರು ವಕೀಲರು ಸಮಯ ಕೇಳಿದರು ಅಂತ. ಅಲ್ಲಿ ನಿಮ್ಮ ವಕೀಲರ ತಪ್ಪಿಲ್ಲ. ನಮ್ಮ ಸಂಬಂಧಿಕರೊಬ್ಬರು ವಕೀಲರು ಮೋಸ ಮಾಡಿದರು ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ಆರ್ಡರ್ ಶೀಟ್ (ಪ್ರತಿ ಡೇಟಿನಲ್ಲೂ ಏನಾಯಿತು ಅಂತ ಕೋರ್ಟು ಬರೆದಿಡುವ ಹಾಳೆ) ತೆಗೆಸಿ ನೋಡಿದರೆ ಆ ವಕೀಲರು ಪ್ರತಿ ಡೇಟಿಗೂ ಹಾಜರಿದ್ದರು, ಫೋನ್ ವಿಷಯದಲ್ಲಿ ಮಾತ್ರ ಶುದ್ಧ ಸೋಮಾರಿ. ಅಂಥವರನ್ನು ಬಿಡುವ ಮುಂಚೆ ಎರಡು ಸಲ ಯೋಚಿಸಿ. ಫೋನಿನಲ್ಲಿ ಸಿಹಿಯಾಗಿ ಮಾತಾಡಿ ಕೋರ್ಟಿಗೆ ಹೋಗದವರಿಗಿಂತ ಇವರು ಎಷ್ಟೋ ವಾಸಿ.

ಆ್ಯಪಿನಲ್ಲಿ ಎಲ್ಲವೂ ಬರೋದಿಲ್ಲ, ಕೆಲವು ಸಲ ತಡವಾಗಿ ಬರುತ್ತದೆ. ಅನುಮಾನ ಇದ್ದರೆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ ಹಾಕಿ ಪೂರ್ತಿ ಆರ್ಡರ್ ಶೀಟಿನ ಸರ್ಟಿಫೈಡ್ ಕಾಪಿ ತೆಗೆದುಕೊಳ್ಳಿ. ಕೇಸಿನ ಪಾರ್ಟಿಯಾಗಿ ಅದು ನಿಮ್ಮ ಹಕ್ಕು. ದಾವಾ ಪತ್ರ, ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿ ಕೊಡುವ ಉತ್ತರ), ಮಧ್ಯದ ಆದೇಶಗಳ ನಕಲನ್ನೂ ಜತೆಗೇ ಕೇಳಿ. ಮುಂದೆ ಹಳೆಯ ವಕೀಲರು ಫೈಲ್ ಕೊಡದಿದ್ದರೂ ಈ ಕಾಪಿಗಳಿಂದಲೇ ಹೊಸಬರು ಕೆಲಸ ಶುರು ಮಾಡಬಹುದು.

ಆಮೇಲೆ ವಕೀಲರ ಹತ್ತಿರ ಹೋಗಿ

ಬೆಳಗ್ಗೆ ಹನ್ನೊಂದಕ್ಕೆ ಫೋನ್ ಮಾಡಿದರೆ ಯಾವ ವಕೀಲರೂ ಎತ್ತೋದಿಲ್ಲ, ಅವರು ಆಗ ಕೋರ್ಟ್ ಹಾಲಿನಲ್ಲಿರುತ್ತಾರೆ. ಸಂಜೆ ಆರರ ನಂತರ ಆಫೀಸಿಗೆ ಹೋಗಿ, ಇಲ್ಲವೇ ನಿಮ್ಮ ಕೇಸಿನ ಡೇಟಿನ ದಿನವೇ ಕೋರ್ಟ್ ಹಾಲಿನ ಮುಂದೆ ನಿಂತುಕೊಳ್ಳಿ. ಇದು ಅತ್ಯಂತ ಸುಲಭದ ದಾರಿ, ಬಹಳ ಜನ ಮಾಡೋದೇ ಇಲ್ಲ. ಅವತ್ತು ವಕೀಲರು ಬಂದರೆ ಭೇಟಿಯಾಗುತ್ತದೆ, ಬರದಿದ್ದರೆ ಅದೂ ಗೊತ್ತಾಗುತ್ತದೆ, ಕೇಸು ಕೂಗಿದಾಗ ನೀವೇ ಮುಂದೆ ಹೋಗಿ "ಸ್ವಾಮಿ, ನಾನು ವಾದಿ, ನಮ್ಮ ವಕೀಲರು ಬಂದಿಲ್ಲ, ದಯವಿಟ್ಟು ಒಂದು ಡೇಟ್ ಕೊಡಿ" ಅಂತ ಕನ್ನಡದಲ್ಲೇ ಕೇಳಬಹುದು. ಹೆದರಬೇಡಿ. ಪಾರ್ಟಿ ಸ್ವಂತ ಬಂದು ನಿಂತಾಗ ಕೋರ್ಟು ಒಂದು ಅವಕಾಶ ಕೊಡುವ ಸಾಧ್ಯತೆ ಜಾಸ್ತಿ.

"ಸರ್ ನನ್ನ ಕೇಸು ಏನಾಯ್ತು?" ಅಂತ ಕೇಳಿದರೆ "ನಡೀತಿದೆ" ಅನ್ನುವ ಉತ್ತರವೇ ಬರೋದು. ಈಗ ನಿಮ್ಮ ಹತ್ತಿರ ಆರ್ಡರ್ ಶೀಟ್ ಇದೆಯಲ್ಲ, ಅದನ್ನು ಇಟ್ಟುಕೊಂಡು ಕೇಳಿ. "ಸರ್, ಕಳೆದ ಎರಡು ಡೇಟಿಗೂ ಪಿ.ಎಫ್. ಕಟ್ಟಿಲ್ಲ ಅಂತ ಬರೆದಿದ್ದಾರೆ, ಎಷ್ಟು ಕಟ್ಟಬೇಕು ಹೇಳಿ, ಇವತ್ತೇ ಕೊಡ್ತೀನಿ." ಇಂಥ ಪ್ರಶ್ನೆಗೆ ಜಾರಿಕೊಳ್ಳೋದು ಕಷ್ಟ. ಸೀನಿಯರ್ ಸಿಗದಿದ್ದರೆ ಅವರ ಕ್ಲರ್ಕ್ ಹತ್ತಿರ ಮಾತಾಡಿ. ಎಷ್ಟೋ ಆಫೀಸುಗಳಲ್ಲಿ ಡೇಟ್ ಡೈರಿ ಇರೋದು ಕ್ಲರ್ಕ್ ಕೈಯಲ್ಲಿ, ಸೀನಿಯರಿಗಿಂತ ಚೆನ್ನಾಗಿ ಅವರಿಗೇ ಎಲ್ಲ ಗೊತ್ತಿರುತ್ತದೆ.

ಫೀಸು ಬಾಕಿ ಇದ್ದರೆ ಅದನ್ನು ಮರೆಯಬೇಡಿ. ಬಹಳಷ್ಟು ಮೌನಕ್ಕೆ ಕಾರಣ ಅದೇ ಆಗಿರುತ್ತದೆ, ವಕೀಲರು ಬಾಯಿಬಿಟ್ಟು ಕೇಳೋದಿಲ್ಲ, ಪಾರ್ಟಿ ತಾನಾಗಿ ಕೊಡೋದಿಲ್ಲ, ನಡುವೆ ಕೇಸು ಒಣಗುತ್ತದೆ. ಎಷ್ಟು ಬಾಕಿ, ಯಾವಾಗ ಕೊಡುತ್ತೀರಿ ಅಂತ ನೇರ ಮಾತಾಡಿ. ಕೊಡುವಾಗ ಯು.ಪಿ.ಐ. ಅಥವಾ ಬ್ಯಾಂಕ್ ಮೂಲಕ ಕೊಡಿ, ನಗದು ಕೊಟ್ಟರೆ ಅವತ್ತೇ "ಇಂಥ ಕೇಸಿಗೆ ಇಷ್ಟು ಕೊಟ್ಟಿದ್ದೇನೆ ಸರ್" ಅಂತ ಒಂದು ಮೆಸೇಜ್ ಹಾಕಿಡಿ.

ಬರವಣಿಗೆಯಲ್ಲಿ ಕೇಳಿ

ಖುದ್ದಾಗಿ ಹೋದರೂ ಫಲ ಸಿಗದಿದ್ದರೆ ಪತ್ರ ಬರೆಯಿರಿ. ರಿಜಿಸ್ಟರ್ಡ್ ಪೋಸ್ಟನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಸಿದೆ, ಹಾಗಾಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಅದೇ ಪತ್ರದ ಫೋಟೋವನ್ನು ವಾಟ್ಸಾಪಿಗೂ ಹಾಕಿ. ಬೈಗುಳ ಬೇಡ, ಬೆದರಿಕೆ ಬೇಡ. ಇಷ್ಟು ಸಾಕು (ಓ.ಎಸ್. ಅಂದರೆ ಸಿವಿಲ್ ದಾವೆ, ವಕಾಲತ್ತು ಅಂದರೆ ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಸಹಿ ಹಾಕಿ ಕೊಡುವ ಪತ್ರ):

"ಮಾನ್ಯರೇ, ಓ.ಎಸ್. ನಂಬರ್ (ಇಲ್ಲಿ ನಂಬರ್) ಕೇಸಿನಲ್ಲಿ ತಾವು ನನ್ನ ಪರ ವಕಾಲತ್ತು ಹಾಕಿರುತ್ತೀರಿ. ಇಂಥ ದಿನಾಂಕಗಳಂದು ನನ್ನ ಪರ ಯಾರೂ ಹಾಜರಿರಲಿಲ್ಲ ಎಂದು ಆರ್ಡರ್ ಶೀಟಿನಲ್ಲಿ ದಾಖಲಾಗಿದೆ. ನಾನು ಇಂಥ ದಿನಗಳಂದು ಕರೆ ಮಾಡಿ, ಆಫೀಸಿಗೂ ಬಂದು ಹೋಗಿದ್ದೇನೆ, ಉತ್ತರ ಸಿಕ್ಕಿಲ್ಲ. ಮುಂದಿನ ಡೇಟಿಗೆ ಏನು ತಯಾರಿ ಆಗಬೇಕು, ನನ್ನಿಂದ ಯಾವ ದಾಖಲೆ ಬೇಕು ಎಂಬುದನ್ನು ಈ ಪತ್ರ ತಲುಪಿದ 10 ದಿನದೊಳಗೆ ತಿಳಿಸಬೇಕೆಂದು ಕೋರುತ್ತೇನೆ. ತಮಗೆ ಕೇಸು ಮುಂದುವರಿಸಲು ಅನುಕೂಲವಿಲ್ಲದಿದ್ದರೆ ನನ್ನ ಫೈಲ್ ಮತ್ತು ಮೂಲ ದಾಖಲೆಗಳನ್ನು ಹಿಂದಿರುಗಿಸಿ, ಬೇರೆ ವಕೀಲರನ್ನು ನೇಮಿಸಲು ಆಕ್ಷೇಪಣೆ ಇಲ್ಲವೆಂದು ಎನ್.ಒ.ಸಿ. ಕೊಡಬೇಕಾಗಿ ವಿನಂತಿ."

ಪತ್ರ ತಲುಪಿದ ಮರುದಿನವೇ ಫೋನ್ ಬರುವುದುಂಟು. ಬರದಿದ್ದರೂ ಮುಂದಿನ ಎಲ್ಲ ಹೆಜ್ಜೆಗೂ ಈ ಕಾಗದವೇ ಆಧಾರ. ಆದರೆ ನಡುವೆ ಡೇಟ್ ಬಂದರೆ 10 ದಿನ ಮುಗಿಯಲಿ ಅಂತ ಕಾಯಬೇಡಿ, ಆ ದಿನ ಕೋರ್ಟಿಗೆ ನೀವೇ ಹೋಗಿ.

ವಕೀಲರನ್ನು ಬದಲಾಯಿಸುವುದು

ಯಾವ ಹಂತದಲ್ಲಾದರೂ ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ರೂಢಿ ಏನೆಂದರೆ ಹೊಸ ವಕೀಲರ ವಕಾಲತ್ತಿನ ಮೇಲೆ ಹಳೆಯವರು "ಆಕ್ಷೇಪಣೆ ಇಲ್ಲ" ಅಂತ ಬರೆದು ಸಹಿ ಹಾಕಿಕೊಡುತ್ತಾರೆ, ಅದನ್ನೇ ಎಲ್ಲರೂ ಎನ್.ಒ.ಸಿ. ಅನ್ನೋದು. ಬಹಳ ಜನ ಸಿಕ್ಕಿಕೊಳ್ಳುವುದು ಇಲ್ಲೇ. ಹಳೆಯವರು ಕೊಡೋದಿಲ್ಲ, ಎನ್.ಒ.ಸಿ. ಇಲ್ಲದೆ ಹೊಸಬರು ಮುಟ್ಟೋದಿಲ್ಲ. ಇದಕ್ಕೆ ದಾರಿ ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳಲ್ಲೇ, ಒಪ್ಪಿಗೆ ಸಿಗದಿದ್ದರೆ ಕಾರಣ ತಿಳಿಸಿ ಕೋರ್ಟಿಗೆ ಅರ್ಜಿ ಹಾಕಿ, ಕೋರ್ಟಿನ ಅನುಮತಿ ಪಡೆದು ಹೊಸಬರು ಹಾಜರಾಗಬಹುದು ಅಂತ ಇದೆ. ಸಿವಿಲ್ ಕೇಸು ನಡೆಸುವ ಕಾನೂನಾದ ಸಿವಿಲ್ ಪ್ರೊಸೀಜರ್ ಕೋಡಿನ 3ನೇ ಆದೇಶದ (ಅಂದರೆ ಅದರ ಒಂದು ಅಧ್ಯಾಯದ) ಪ್ರಕಾರವೂ ಕಕ್ಷಿದಾರರು ಬರವಣಿಗೆಯಲ್ಲಿ ಕೊಟ್ಟು, ಕೋರ್ಟಿನ ಅನುಮತಿಯೊಂದಿಗೆ ವಕಾಲತ್ತನ್ನು ಕೊನೆಗೊಳಿಸಬಹುದು. ನಿಮ್ಮ ಪತ್ರ, ಸ್ಪೀಡ್ ಪೋಸ್ಟ್ ರಸೀದಿ, "ಆಬ್ಸೆಂಟ್" ಅಂತಿರುವ ಆರ್ಡರ್ ಶೀಟ್ ಇವನ್ನು ಅರ್ಜಿಯ ಜತೆ ಇಟ್ಟರೆ ನಿಮ್ಮ ಮಾತಿಗೆ ಬಲ ಬರುತ್ತದೆ.

"ಬಾಕಿ ಫೀಸು ಕೊಡೋವರೆಗೂ ಫೈಲ್ ಕೊಡಲ್ಲ" ಅಂತ ಹೇಳುವವರಿದ್ದಾರೆ. ಹಾಗೆ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ. 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ. ಅಲ್ಲಿ ಕಕ್ಷಿದಾರ ಮಧ್ಯಪ್ರದೇಶದ ಒಂದು ಸಹಕಾರಿ ಬ್ಯಾಂಕು. ಫೀಸು ಬಾಕಿ ಇದೆ ಅಂತ ವಕೀಲರು ಬ್ಯಾಂಕಿನ ಫೈಲುಗಳನ್ನು ಇಟ್ಟುಕೊಂಡಿದ್ದರು. ಫೀಸು ಬರಬೇಕಿದ್ದರೆ ಬೇರೆ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಲಿ, ಫೈಲ್ ತಡೆಹಿಡಿಯುವುದು ವೃತ್ತಿ ದುರ್ನಡತೆ ಅಂತ ಕೋರ್ಟು ತೀರ್ಮಾನಿಸಿತು. ನೀವು ಕೊಡಬೇಕಾದ ಫೀಸು ನ್ಯಾಯವಾಗಿದ್ದರೆ ಕೊಡಿ, ಅದು ಬೇರೆ ಮಾತು. ಆದರೆ ಅಪ್ಪನ ಕಾಲದ ಕ್ರಯಪತ್ರ ಯಾರ ಬೀರುವಿನಲ್ಲೂ ಒತ್ತೆ ಇರಬೇಕಾಗಿಲ್ಲ. ಅಂದಹಾಗೆ ಮೂಲ ದಾಖಲೆಯನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಮಾರ್ಕ್ ಮಾಡಿಸಿದ್ದರೆ ಅದು ವಕೀಲರ ಹತ್ತಿರ ಇರೋದಿಲ್ಲ, ಕೋರ್ಟಿನ ಕಡತದಲ್ಲಿರುತ್ತದೆ, ಕೇಳುವ ಮುಂಚೆ ಇದನ್ನು ತಿಳಿದುಕೊಳ್ಳಿ.

ವಾದ ನಡೆಯುವ ಹಂತದಲ್ಲಿ, ಡೇಟಿನ ಹಿಂದಿನ ದಿನ ಬದಲಾಯಿಸಲು ಹೊರಡಬೇಡಿ. ಹೊಸಬರಿಗೆ ಓದಲು ಸಮಯ ಬೇಕು, ಕೋರ್ಟು ಕೊಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

ಕೇಸು ಆಗಲೇ ಕೈತಪ್ಪಿದ್ದರೆ

ವಕೀಲರು ಹೋಗದೆ ನಿಮ್ಮ ದಾವೆ ವಜಾ ಆಗಿದ್ದರೆ, ಅಥವಾ ನಿಮ್ಮ ವಿರುದ್ಧ ಎಕ್ಸ್‌ಪಾರ್ಟೆ ಡಿಕ್ರಿ (ನಿಮ್ಮ ಗೈರಿನಲ್ಲೇ ಕೊಟ್ಟ ತೀರ್ಪು) ಆಗಿದ್ದರೆ, ಬೇರೆ ಎಲ್ಲ ಬಿಟ್ಟು ಇದನ್ನು ಹಿಡಿಯಿರಿ. ಎರಡಕ್ಕೂ ಸಿವಿಲ್ ಪ್ರೊಸೀಜರ್ ಕೋಡಿನ 9ನೇ ಆದೇಶದಲ್ಲಿ ಪರಿಹಾರ ಇದೆ, ಎರಡಕ್ಕೂ ಅರ್ಜಿ ಹಾಕಲು ಸಾಮಾನ್ಯವಾಗಿ 30 ದಿನ. ಆ ದಿನ ಮೀರಿದ್ದರೆ ತಡ ಯಾಕಾಯಿತು ಅಂತ ವಿವರಿಸಿ ವಿಳಂಬ ಮನ್ನಾ ಅರ್ಜಿಯನ್ನೂ ಜತೆಗೆ ಹಾಕಬೇಕು. ವಕೀಲರ ತಪ್ಪಿಗೆ ಅಮಾಯಕ ಕಕ್ಷಿದಾರ ನರಳಬಾರದು ಅಂತ 1981ರಲ್ಲೇ ಸುಪ್ರೀಂ ಕೋರ್ಟು ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಹೇಳಿದೆ. ವಕೀಲರು ಹಾಜರಾಗದೆ ವಜಾ ಆಗಿದ್ದ ಮೇಲ್ಮನವಿಯನ್ನು ಮತ್ತೆ ಜೀವಂತಗೊಳಿಸಿ, ಖರ್ಚನ್ನು ಗೈರಾದ ವಕೀಲರಿಂದಲೇ ವಸೂಲಿ ಮಾಡಲು ಆದೇಶಿಸಿತ್ತು. ಆದರೆ ಇದನ್ನೇ ನಂಬಿಕೊಂಡು ಕೂರಬೇಡಿ. ನಂತರದ ತೀರ್ಪುಗಳಲ್ಲಿ, ಕಕ್ಷಿದಾರರೂ ತಮ್ಮ ಕೇಸಿನ ಬಗ್ಗೆ ಎಚ್ಚರದಿಂದ ಇರಬೇಕು, ಎಲ್ಲವನ್ನೂ ವಕೀಲರ ಮೇಲೆ ಹಾಕಿ ಪಾರಾಗಲು ಆಗದು ಅಂತಲೂ ಕೋರ್ಟುಗಳು ಹೇಳಿವೆ. ನೀವು ವಿಚಾರಿಸುತ್ತಲೇ ಇದ್ದಿರಿ ಅನ್ನುವುದಕ್ಕೆ ಆ ಮೆಸೇಜುಗಳು, ಆ ಸ್ಪೀಡ್ ಪೋಸ್ಟ್ ರಸೀದಿ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

ನಿಮ್ಮ ಮೇಲೆಯೇ ಸಿವಿಲ್ ದಾವೆ ಹಾಕಿದ್ದರೆ ಲಿಖಿತ ಹೇಳಿಕೆಯ ಗಡುವು ನೆನಪಿರಲಿ. ಸಮನ್ಸ್ ತಲುಪಿದ 30 ದಿನದಲ್ಲಿ ಹಾಕಬೇಕು, ಕೋರ್ಟು 90 ದಿನದವರೆಗೆ ಅವಕಾಶ ಕೊಡಬಹುದು. ಕ್ರಿಮಿನಲ್ ಕೇಸಿನಲ್ಲಿ ಆರೋಪಿಯಾಗಿದ್ದರೆ ಅಪಾಯ ಇನ್ನೂ ಹತ್ತಿರದ್ದು. ನೀವೂ ಹೋಗದೆ, ವಕೀಲರೂ ಹಾಜರಾತಿಗೆ ವಿನಾಯಿತಿ ಕೇಳಿ ಅರ್ಜಿ ಹಾಕದೆ ಇದ್ದರೆ ವಾರಂಟ್ ಹೊರಡುತ್ತದೆ, ಪೊಲೀಸರು ಮನೆಗೆ ಬರುತ್ತಾರೆ. ವಾರಂಟ್ ಆಗಿದೆ ಅಂತ ಗೊತ್ತಾದ ಕೂಡಲೇ ಯಾರಾದರೂ ವಕೀಲರನ್ನು ಹಿಡಿದು ಕೋರ್ಟಿಗೆ ಹಾಜರಾಗಿ ರದ್ದು ಮಾಡಿಸಿಕೊಳ್ಳಿ, ಅಡಗಿ ಕೂತರೆ ಕೆಡುತ್ತದೆ. ಚೆಕ್ ಬೌನ್ಸ್ ದೂರು ಕೊಟ್ಟವರು ನೀವೇ ಆಗಿದ್ದರೂ ಸುಮ್ಮನಿರುವ ಹಾಗಿಲ್ಲ, ದೂರುದಾರರು ಗೈರಾದರೆ ಆರೋಪಿಯನ್ನು ಬಿಡುಗಡೆ ಮಾಡುವ ಅಧಿಕಾರ ಕೋರ್ಟಿಗಿದೆ.

ಹೈಕೋರ್ಟಿನ ಕೇಸಾದರೆ

ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಕೇಸಿರುವ ಹಳ್ಳಿಯವರ ಕಷ್ಟ ಬೇರೆ ಥರದ್ದು. ಊರಿನ ವಕೀಲರು "ಅಲ್ಲಿ ನಮ್ಮವರಿದ್ದಾರೆ" ಅಂತ ಸಹಿ ಹಾಕಿಸಿ ಕಳಿಸಿರುತ್ತಾರೆ, ಅಲ್ಲಿ ವಾದ ಮಾಡುವವರ ಹೆಸರೂ ಕೇಸಿನ ಪಾರ್ಟಿಗೆ ಗೊತ್ತಿರೋದಿಲ್ಲ. ಆ ಹೆಸರು ಮತ್ತು ಫೋನ್ ನಂಬರ್ ಕೇಳಿ ತೆಗೆದುಕೊಳ್ಳಿ. ಹೈಕೋರ್ಟಿನ ವೆಬ್‌ಸೈಟಿನಲ್ಲೂ ಕೇಸಿನ ಸ್ಥಿತಿ ನೋಡಬಹುದು, ನಿಮ್ಮ ಪರ ಯಾರ ಹೆಸರಿದೆ ಅಂತ ಅಲ್ಲೇ ಕಾಣುತ್ತದೆ. ಮುಖ್ಯವಾಗಿ "ಆಫೀಸ್ ಆಬ್ಜೆಕ್ಷನ್ಸ್" ಅನ್ನುವ ಮಾತು ನೋಡಿ. ಮೇಲ್ಮನವಿ ಹಾಕಿದಾಗ ಯಾವುದೋ ಕಾಪಿ ಇಲ್ಲ, ಶುಲ್ಕ ಕಡಿಮೆ ಅಂತ ಹೈಕೋರ್ಟಿನ ಕಚೇರಿ (ರಿಜಿಸ್ಟ್ರಿ) ಆಕ್ಷೇಪ ಎತ್ತುತ್ತದೆ, ವಕೀಲರು ಅದನ್ನು ಸರಿಪಡಿಸಬೇಕು. ಸರಿಪಡಿಸದೆ ಬಿಟ್ಟರೆ ಒಳಗಿನ ವಿಷಯವನ್ನು ಯಾರೂ ನೋಡದೆಯೇ ಕೇಸು ವಜಾ ಆಗಿಬಿಡಬಹುದು. ಇಡೀ ಜಮೀನು ಇಂಥ ಒಂದು ಕಾಗದದ ಕೊರತೆಯಿಂದ ಕೈತಪ್ಪುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ವಿದೇಶದಲ್ಲಿರುವ ಕನ್ನಡಿಗರು ಊರಿನ ಆಸ್ತಿ ಕೇಸಿಗೆ ಅಣ್ಣನಿಗೋ ಭಾವನಿಗೋ ಜಿ.ಪಿ.ಎ. (ತಮ್ಮ ಪರ ವ್ಯವಹರಿಸುವ ಅಧಿಕಾರಪತ್ರ) ಕೊಟ್ಟಿರುತ್ತಾರೆ. ಅಲ್ಲಿಂದಲೂ ಇ-ಕೋರ್ಟ್ಸ್ ನೋಡಬಹುದು. ವಕೀಲರನ್ನು ಬದಲಾಯಿಸಿ ಹೊಸ ವಕಾಲತ್ತಿಗೆ ಸಹಿ ಹಾಕುವ ಅಧಿಕಾರ ಆ ಜಿ.ಪಿ.ಎ.ಯಲ್ಲಿ ಇದೆಯಾ ಅಂತ ಮೊದಲು ಓದಿಕೊಳ್ಳಿ.

ದೂರು ಕೊಡುವುದು

ಗ್ರಾಹಕರ ಕೋರ್ಟಿಗೆ ಹೋಗುತ್ತೇನೆ ಅಂತ ಈಗ ಹೇಳಿ ಪ್ರಯೋಜನವಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರೋದಿಲ್ಲ ಅಂತ ಸುಪ್ರೀಂ ಕೋರ್ಟು 2024ರ ಮೇ 14ರಂದು ತೀರ್ಪು ಕೊಟ್ಟಿದೆ. ನನ್ನ ಅಭಿಪ್ರಾಯದಲ್ಲಿ ಇದು ಸಾಮಾನ್ಯ ಜನರಿಗೆ ನಷ್ಟವೇ, ಆದರೆ ಇವತ್ತಿನ ಕಾನೂನು ಅದು.

ಉಳಿದಿರುವುದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ದೂರಿನಲ್ಲಿ ಹುರುಳಿದ್ದರೆ ಶಿಸ್ತು ಸಮಿತಿಗೆ ಹೋಗುತ್ತದೆ. ಸಮಿತಿ ಛೀಮಾರಿ ಹಾಕಬಹುದು, ಇಷ್ಟು ಕಾಲ ವಕೀಲಿಕೆ ಮಾಡಬಾರದು ಅನ್ನಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಒಂದು ವರ್ಷದೊಳಗೆ ಮುಗಿಸದಿದ್ದರೆ ದೂರು ದೆಹಲಿಯ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಅಲ್ಲಿಗೇ ಮೇಲ್ಮನವಿ. ಸುಮ್ಮನೆ ಫೋನ್ ಎತ್ತಲಿಲ್ಲ ಅನ್ನುವ ದೂರು ಅಲ್ಲಿ ನಿಲ್ಲೋದು ಕಷ್ಟ. ಫೈಲ್ ಕೊಡಲಿಲ್ಲ, ಕೇಸು ಹಾಕದೇ ಹಾಕಿದ್ದೇನೆ ಅಂದರು, ಪದೇ ಪದೇ ಗೈರಾಗಿ ಕೇಸು ಹೋಯಿತು, ನನಗೆ ಬಂದ ಹಣ ಕೊಡಲಿಲ್ಲ, ಇಂಥವಕ್ಕೆ ದಾಖಲೆ ಸಮೇತ ದೂರು ಕೊಡಿ. ಹಣದ ವಿಷಯದಲ್ಲಿ ಮೋಸ ಆಗಿದ್ದರೆ ಪೊಲೀಸ್ ದೂರಿನ ದಾರಿಯೂ ಇದೆ. ಇನ್ನೊಂದು ಮಾತು: ಪರಿಷತ್ತಿನ ದೂರು ವಕೀಲರಿಗೆ ಶಿಕ್ಷೆ ಕೊಡಿಸಬಹುದು, ನಿಮ್ಮ ಕೇಸನ್ನು ಉಳಿಸೋದಿಲ್ಲ. ಆದ್ದರಿಂದ ಮೊದಲು ಹೊಸ ವಕೀಲರು, ಆಮೇಲೆ ದೂರು.

ಹೊಸ ವಕೀಲರಿಗೆ ಕೊಡಲು ದುಡ್ಡಿಲ್ಲ ಅನ್ನುವವರು ಕೋರ್ಟಿನ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ, ತಾಲೂಕಾದರೆ ತಾಲೂಕು ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಜೈಲಿನಲ್ಲಿರುವವರು ಇವರಿಗೆಲ್ಲ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಬೇರೆ ಬಹುತೇಕರಿಗೆ ವರಮಾನದ ಮಿತಿ ಇದೆ. ಹಾಗೆ ಸಿಕ್ಕ ವಕೀಲರೇ ಕೈಗೆ ಸಿಗದಿದ್ದರೆ ಅದೇ ಕಚೇರಿಯಲ್ಲಿ ಬರೆದುಕೊಟ್ಟು ಬೇರೆಯವರನ್ನು ಕೇಳಿ.

ಹೊಸಬರ ಜತೆ ಮೊದಲ ದಿನವೇ ಕೆಲವು ಮಾತು ಮುಗಿಸಿಕೊಳ್ಳಿ. ಒಟ್ಟು ಫೀಸು ಎಷ್ಟು, ಯಾವ ಹಂತಕ್ಕೆ ಎಷ್ಟು, ಡೇಟ್ ಆದ ಸಂಜೆ ಯಾರು ಮೆಸೇಜ್ ಹಾಕುತ್ತಾರೆ, ಅವರಿಲ್ಲದಾಗ ಯಾರ ಹತ್ತಿರ ಮಾತಾಡಬೇಕು. ಮೂಲ ದಾಖಲೆ ಕೇಳಿದರೆ ಕೋರ್ಟಿಗೆ ಹಾಜರುಪಡಿಸುವ ದಿನ ತಂದುಕೊಡುತ್ತೇನೆ ಅನ್ನಿ, ಅಲ್ಲಿಯವರೆಗೆ ಜೆರಾಕ್ಸ್ ಸಾಕು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ವಕಾಲತ್ತಿಗೆ ಸಹಿ ಹಾಕಿದ ಮೇಲೆ ಅದರ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ವಕೀಲರ ನೋಂದಣಿ ಸಂಖ್ಯೆ ಅದರಲ್ಲಿ ಇಲ್ಲದಿದ್ದರೆ ಅವತ್ತೇ ಕೇಳಿ ಬರೆದುಕೊಳ್ಳಿ.